ಯಾವ ಸಾಲಿ, ಅಕ್ಕೋರ?

ಬೆಳಗಾವಿಯ ನೆಹರು ನಗರ ಅಂದರೆ ಹೊರಗಿನವರಿಗೆ ಕೆಎಲ್‌ಇ ಆಸ್ಪತ್ರೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನೆದುರು ಆಟೊದವರ ಕೂಗು, ಎಳನೀರಿನ ಗಾಡಿ, ಕನ್ನಡ-ಮರಾಠಿ-ಉರ್ದು ಕಲೆಸಿದ ಗದ್ದಲ. ಅದರ ನಡುವೆ ಕೆಲವು ತಾಯಂದಿರನ್ನು ಕೈಚೀಲದಿಂದಲೇ ಗುರುತಿಸಬಹುದು. ಜವಳಿ ಅಂಗಡಿಯ ಹಳೇ ಚೀಲ. ಒಳಗೆ ಕಿವಿ ಪರೀಕ್ಷೆಯ ಚೀಟಿ, ಬುದ್ಧಿಮಟ್ಟದ ವರದಿ, ಮಗುವಿನ ಅಂಗವೈಕಲ್ಯದ ಗುರುತಾದ ಯುಡಿಐಡಿ ಕಾರ್ಡಿನ ಜೆರಾಕ್ಸ್, ಎಲ್ಲಕ್ಕೂ ಕೆಳಗೆ ಮಡಚಿಟ್ಟ ಒಂದು ಚಡ್ಡಿ. ದಾರಿಯಲ್ಲಿ ಬೇಕಾದೀತು.

ಖಾನಾಪುರದ ಕಡೆಯಿಂದ ಬರುವವರ ಚೀಲದಲ್ಲಿ ಮಳೆಗಾಲದಲ್ಲಿ ಕೊಡೆಯೂ ಇರುತ್ತದೆ. ಕಣಕುಂಬಿ, ಜಾಂಬೋಟಿಯ ಕಾಡಿನ ಹಳ್ಳಿಗಳಿಂದ ಇಲ್ಲಿಗೆ ಮುಟ್ಟುವುದರಲ್ಲೇ ಅರ್ಧ ದಿನ ಹೋಗುತ್ತದೆ. 2023ರ ಶಕ್ತಿ ಯೋಜನೆಯಿಂದ ತಾಯಿಗೆ ಟಿಕೀಟಿಲ್ಲ, ನಿಜ. ಆದರೆ ಬಸ್ಸಿನ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಚೀರುವ ಮಗನನ್ನು ಹಿಡಿದು ಕೂಡ್ರುವುದು, ‘ಹುಡುಗಗ ಏನಾಗೇತ್ರಿ?’ ಎಂದು ಸೀಟಿಗೊಬ್ಬರು ಕೇಳುವುದು ಯಾವ ಯೋಜನೆಗೂ ತಪ್ಪಿಸಲಾಗಿಲ್ಲ.

ಇಂಥ ಮಗುವನ್ನು ಯಾವ ಶಾಲೆಗೆ ಹಾಕಬೇಕೆಂಬ ಆಯ್ಕೆ ಕಾಯ್ದೆಯಲ್ಲಿ ಸಲೀಸು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಮು ಶೇ 40 ಅಥವಾ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ, ತಾನು ಬಯಸಿದ ಕಡೆ ಉಚಿತವಾಗಿ ಓದುವ ಹಕ್ಕು ಕೊಟ್ಟಿದೆ. ಬಯಸುವುದಕ್ಕೆ ಹತ್ತಿರದಲ್ಲಿ ಎರಡಾದರೂ ಇರಬೇಕಲ್ಲ! ಊರ ಶಾಲೆಯಲ್ಲಿ ಗೆಳೆಯರಿದ್ದಾರೆ, ತರಬೇತಾದ ಶಿಕ್ಷಕರಿಲ್ಲ. ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ಬಂದ ದಿನವಷ್ಟೇ ಇಂಥ ಮಗುವಿಗೆ ಪಾಠ. ಪಟ್ಟಣದ ವಿಶೇಷ ಶಾಲೆಯಲ್ಲಿ ಶಿಕ್ಷಕರಿದ್ದಾರೆ, ಮನೆ ದೂರ. ಭಾಷೆಯದು ಬೇರೆಯೇ ತಕರಾರು. ಮನೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆಂದು ಹೆದರಿಸುವವರು ಓಣಿಗೊಬ್ಬರು. ಅದಕ್ಕೆ ಆಧಾರವಿಲ್ಲ, ತಾಯಿ ತನಗೆ ಬರುವ ಮಾತಿನಲ್ಲೇ ಆಡಿಸಿದರೆ ಮಗುವಿಗೆ ಒಳ್ಳೆಯದು.

ವಿಶೇಷ ಶಾಲೆಗೆ ಹೋದವರಿಗೆ ಮೊದಲು ತೋರಿಸುವುದು ವಾರ್ಷಿಕೋತ್ಸವದ ಫೋಟೊ. ನನ್ನ ಕೇಳಿದರೆ ಶೌಚಾಲಯ ನೋಡಬೇಕು, ಆಮೇಲೆ ನಡೆಯುತ್ತಿರುವ ತರಗತಿ. ನಾನು ಕಂಡ ಒಂದು ತರಗತಿಯಲ್ಲಿ ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆಯ ಎರಡು ತುಂಡು ಬಿಗಿದು ದೊಡ್ಡ ಗುಂಡಿ ಹೊಲಿದಿದ್ದರು. ಶಿಕ್ಷಕಿ ಗುಂಡಿಯನ್ನು ಕಾಜಿನೊಳಗೆ ಮುಕ್ಕಾಲು ತೂರಿಸಿ ಕೈಬಿಟ್ಟರು. ಹುಡುಗ ಎರಡು ಬೆರಳಿಂದ ಎಳೆದ; ಬಂತು. ಕೊನೆಯ ಹೆಜ್ಜೆ ಮಗುವಿನದೇ ಆಗಬೇಕು, ಗೆದ್ದ ಖುಷಿ ಅವನಿಗೇ ದಕ್ಕಬೇಕು. ನಾಳೆ ಅರ್ಧ ತೂರಿಸಿ ಬಿಡುತ್ತಾರೆ. ಅಂಗಿ ತಾನೇ ಹಾಕಿಕೊಳ್ಳಲು ತಿಂಗಳುಗಳೇ ಹಿಡಿದಾವು. ಮೂರು ತಿಂಗಳಲ್ಲಿ ಹುಡುಗನನ್ನು ‘ಸರಿ’ ಮಾಡಿಕೊಡುತ್ತೇವೆ ಎನ್ನುವವರ ಹೊಸ್ತಿಲು ಇಳಿದುಬಿಡುವುದೇ ಲೇಸು.

ಆ ತರಗತಿಯ ಬಾಗಿಲಲ್ಲಿ ನಿಂತಿದ್ದ ತಾಯಿಯೊಬ್ಬಳು ಫೀಸು ಎಷ್ಟೆಂದು ಕೇಳಲಿಲ್ಲ.

“ಅಕ್ಕೋರ, ಇಲ್ಲೇ ವಸ್ತಿ ಇಟ್ರ, ರಾತ್ರಿ ಎದ್ದು ಕುಂತಾಂದ್ರ ಯಾರ ನೋಡ್ತಾರ್ರಿ? ಅವಗ ನಮ್ಮ ಮಾತ ಬಿಟ್ರ ತಿಳಿಯಂಗಿಲ್ಲ.”

“ರಾತ್ರಿ ಇರೋ ಆಯಾಗ ಮರಾಠಿ ಬರ್ತೈತವ್ವಾ. ಆದ್ರ ಇವತ್ತ ಹೆಸರ ಹಚ್ಚಬ್ಯಾಡ. ಒಂದಿನ ಮುಂಜಾನೆಯಿಂದ ಸಂಜೀತನಕ ಬಂದು ಕೂಡು. ಊರ ಸಾಲಿ ಗುರುಗಳನ್ನೂ ಕೇಳು.”

“ಆತ್ರಿ,” ಎಂದು ಆಕೆ ಆಯಾ ಎಲ್ಲಿದ್ದಾಳೆಂದು ಹುಡುಕಿಕೊಂಡು ಒಳಗೆ ನಡೆದಳು.