ಮುದ್ರೆ ಅವನದು, ಪತ್ರ ಅವನದಲ್ಲ

ಬ್ರೂಕ್‌ಫೀಲ್ಡ್‌ನ ನಮ್ಮ ಆಫೀಸಿನಲ್ಲಿ ಎರಡು ವಾಟ್ಸ್ಆ್ಯಪ್ ಗ್ರೂಪ್ ಇವೆ. ಒಂದು ಇಡೀ ಟೀಮಿನದು. ಇನ್ನೊಂದು ಟೀಮಿನಲ್ಲಿರೋ ಕನ್ನಡದವರದು ಮಾತ್ರ. ಎರಡನೆಯದರಲ್ಲಿ ಸಿನಿಮಾ, ಊಟ, ಮ್ಯಾನೇಜರ್ ಬಗ್ಗೆ ಗೊಣಗಾಟ, ಅಷ್ಟೇ. ಕಳೆದ ವರ್ಷ ಅಲ್ಲಿಗೆ ಒಂದು ಸ್ಕ್ರೀನ್‌ಶಾಟ್ ಬಂತು. ಉತ್ತರ ಭಾರತದಿಂದ ಹೊಸದಾಗಿ ಸೇರಿದ್ದ ಹುಡುಗ ಕನ್ನಡದ ಬಗ್ಗೆ ಹಗುರವಾಗಿ ಬರೆದಿದ್ದ. ನನಗೆ ಮೈಯೆಲ್ಲ ಉರಿದುಹೋಯ್ತು. ಹಿಂದೆಮುಂದೆ ನೋಡದೆ ಇನ್ನೆರಡು ಗ್ರೂಪಿಗೆ ಫಾರ್ವರ್ಡ್ ಮಾಡಿದೆ.

ವಾರದೊಳಗೆ ಅವನ ಜೊತೆ ಊಟಕ್ಕೆ ಕೂರೋರೇ ಇಲ್ಲದಂತಾಯ್ತು. ತಿಂಗಳಾಗುವಷ್ಟರಲ್ಲಿ ಅವನೇ ಬೇರೆ ಪ್ರಾಜೆಕ್ಟ್ ಕೇಳಿಕೊಂಡು ಹೋದ. ಆಮೇಲೆ ಗೊತ್ತಾಯ್ತು, ಅದು ಅರ್ಧ ಕತ್ತರಿಸಿದ ಚಾಟ್. ಇನ್ಯಾರೋ ಹೇಳಿದ ಮಾತನ್ನು ಎತ್ತಿ ಬರೆದು, ಹೀಗೆಲ್ಲ ಮಾತಾಡಬೇಡ ಅಂತ ಅವನು ಬೈದಿದ್ದ. ಬೈದ ಸಾಲು ಮಾತ್ರ ಸ್ಕ್ರೀನ್‌ಶಾಟ್‌ನಲ್ಲಿ ಇರಲಿಲ್ಲ.

ನಾನೇನು ಬೆಂಗಳೂರಿನವಳಾ? ಅದೂ ಅಲ್ಲ. ವಿಜಯಪುರದವಳು. ಇಲ್ಲಿಗೆ ಬಂದ ಹೊಸದರಲ್ಲಿ ಪಿಜಿ ಆಂಟಿ, "ನೀವು ಮಾತಾಡೋದು ಕನ್ನಡಾನೇನಮ್ಮಾ?" ಅಂತ ಕೇಳಿದ್ದರು. ರಾತ್ರಿ ಅತ್ತಿದ್ದೆ.

ದೀಪಾವಳಿಗೆ ಕುಂದಲಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಹೋದೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ರಿಟೈರ್ ಆದವರು. ಸಂಜೆ ವಾಕಿಂಗ್ ಅಂತ ಬಾರಾಕಮಾನ್‌ಗೆ ಹೋದೆವು. ಎರಡನೇ ಅಲಿ ಆದಿಲ್‌ಶಾಹನ ಸಮಾಧಿ ಅದು, ಮುಗಿಯದೇ ಉಳಿದದ್ದು. ಕಪ್ಪು ಕಲ್ಲಿನ ಕಮಾನುಗಳಷ್ಟೇ ನಿಂತಿವೆ, ಮೇಲೆ ಬರೀ ಆಕಾಶ. ಹುಲ್ಲಿನ ಮೇಲೆ ಕೂತು ಅಪ್ಪನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇದು ಹಳೇ ಕಥಿ ಯವ್ವಾ. ಬೀದರಿನಾಗ ಆಗೇದ. ಸಿಕ್ಕಾ ಅವಂದ, ಪತ್ರ ಮಾತ್ರ ಅವಂದಲ್ಲ," ಅಂದರು.

ಮಹಮೂದ್ ಗವಾನ್ ಇರಾನಿನ ಗಿಲಾನ್ ಕಡೆಯವನು. 1453ರಲ್ಲಿ ವ್ಯಾಪಾರಿಯಾಗಿ ಬೀದರಿಗೆ ಬಂದವನು ಬಹಮನಿ ಸುಲ್ತಾನರ ವಜೀರನಾದ. ಅವನು 1472ರಲ್ಲಿ ಕಟ್ಟಿಸಿದ ಮದರಸಾ ಇವತ್ತಿಗೂ ಬೀದರಿನಲ್ಲಿದೆ, ಅರ್ಧ ಬಿದ್ದಿದ್ದರೂ. ಬಹಮನಿ ದರ್ಬಾರಿನಲ್ಲಿ ಆಗ ಎರಡು ಪಾಳಯ. ಇರಾನ್, ಮಧ್ಯ ಏಷ್ಯಾ ಕಡೆಯಿಂದ ಬಂದವರು ಆಫಾಕಿಗಳು. ಇಲ್ಲೇ ನೆಲೆಸಿದವರು ದಖನಿಗಳು, ಆಫ್ರಿಕಾದಿಂದ ಬಂದ ಹಬಶಿಗಳು ಹೆಚ್ಚಾಗಿ ಅವರ ಕಡೆ. ದಖನಿಗಳಲ್ಲಿ ಬಹಳಷ್ಟು ಜನರ ಹಿರಿಯರೂ ತುಘಲಕನ ಕಾಲದಲ್ಲಿ ದಿಲ್ಲಿಯಿಂದ ಬಂದವರೇ ಅನ್ನೋದು ಬೇರೆ ಮಾತು! ಮೊದಲ ಬಸ್ಸಿಗೆ ಬಂದು ಸೀಟು ಹಿಡಿದವರು ಎರಡನೇ ಬಸ್ಸಿನವರನ್ನು ನೋಡಿದ ಹಾಗೆ.

ಗವಾನನಿಗೆ ಆಗದವರು ಅವನ ಮುದ್ರೆ ಕಾಯುವ ಆಳಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಹಾಕಿಸಿಕೊಂಡರು. ಒಡಿಶಾದ ರಾಜನನ್ನು ದಾಳಿಗೆ ಕರೆಯುವಂಥ ಪತ್ರವನ್ನು ಅದರ ಮೇಲೆ ಬರೆದು ಸುಲ್ತಾನ ಮೂರನೇ ಮಹಮ್ಮದನ ಕೈಗಿಟ್ಟರು. ಸುಲ್ತಾನನೂ ಕುಡಿದಿದ್ದ. ಮುದ್ರೆ ನನ್ನದೇ, ಪತ್ರ ನನ್ನದಲ್ಲ ಅಂತ ಗವಾನ್ ಹೇಳಿದ. ಕೇಳುವವರಿರಲಿಲ್ಲ. 1481ರ ಏಪ್ರಿಲ್‌ನಲ್ಲಿ ಆ ಮುದುಕನ ತಲೆ ಕಡಿಸಿದರು. ನಿಜ ಗೊತ್ತಾಗಿ ಸುಲ್ತಾನ ಪಶ್ಚಾತ್ತಾಪಪಟ್ಟನಂತೆ. ಮರುವರ್ಷ ಅವನೂ ಹೋದ. ಮುಂದಿನ ಕೆಲವು ದಶಕಗಳಲ್ಲಿ ರಾಜ್ಯ ಒಡೆದು ಐದಾಯಿತು.

ಆ ಐದರಲ್ಲಿ ಒಂದು ನಮ್ಮ ಬಿಜಾಪುರ. 1490ರ ಸುಮಾರಿಗೆ ಅದನ್ನು ಕಟ್ಟಿದ ಯೂಸುಫ್ ಆದಿಲ್ ಖಾನ್ ಗವಾನನ ಆಶ್ರಯದಲ್ಲೇ ಬೆಳೆದವನು. ಇಸ್ತಾಂಬುಲ್‌ನಲ್ಲಿ ಆಟೊಮನ್ನರು, ಇರಾನಿನಲ್ಲಿ ಸಫಾವಿಗಳು, ಆಗ್ರಾದಲ್ಲಿ ಮೊಘಲರು ಮೆರೆದ ಕಾಲ ಅದು. ದಖನ್ನಿನಲ್ಲಿ ಒಳ್ಳೆ ಸಂಬಳ ಇತ್ತು, ಇರಾನಿನ ಕವಿ, ಸೈನಿಕ, ಲೆಕ್ಕಿಗ ಎಲ್ಲ ಹಡಗು ಹತ್ತಿ ಬರುತ್ತಿದ್ದರು. ನಮ್ಮ ಐಟಿ ಪಾರ್ಕ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಬಿಜಾಪುರದ ಎಚ್ಆರ್ ಪಾಲಿಸಿ ರಾಜ ಬದಲಾದ ಹಾಗೆ ಬದಲಾಗುತ್ತಿತ್ತು. ಇಸ್ಮಾಯಿಲ್ ಬಂದವರನ್ನೇ ನಂಬಿ ದಖನಿಗಳನ್ನು ದೂರ ಇಟ್ಟ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೇ ಇಬ್ರಾಹಿಂ ತಿರುಗಾಮುರುಗಾ ಮಾಡಿದ. ಲೆಕ್ಕಪತ್ರವನ್ನು ಪರ್ಷಿಯನ್‌ನಿಂದ ಇಲ್ಲಿನ ಭಾಷೆಗೆ ತಂದ (ಇದು ನನಗೆ ಖುಷಿ ಕೊಟ್ಟ ಭಾಗ), ಜೊತೆಗೆ ಆಫಾಕಿಗಳನ್ನು ಗುಂಪುಗುಂಪಾಗಿ ಕೆಲಸದಿಂದ ತೆಗೆದ. ಅವರಲ್ಲಿ ಅನೇಕರು ಸೀದಾ ವಿಜಯನಗರಕ್ಕೆ ಹೋಗಿ ರಾಮರಾಯನ ಸೈನ್ಯ ಸೇರಿದರು. ಅವನ ಮಗ ಮೊದಲನೇ ಅಲಿ ಆಫಾಕಿಗಳನ್ನು ಮತ್ತೆ ಕರೆಸಿದ. 1565ರ ತಾಳಿಕೋಟೆ ಯುದ್ಧವನ್ನು ಮತದ ಯುದ್ಧ ಅಂತಷ್ಟೇ ಹೇಳುವವರು ಈ ಜನ ಆ ಕಡೆ ಈ ಕಡೆ ಓಡಾಡಿದ್ದನ್ನು ಹೇಳೋದಿಲ್ಲ.

ನಡುವೆ ಒಂದು ಒಳ್ಳೆ ಕಾಲವೂ ಬಂತು. ಎರಡನೇ ಇಬ್ರಾಹಿಂ ಆದಿಲ್‌ಶಾಹ, 1580ರಿಂದ 1627. ಹುಡುಗನಾಗಿದ್ದಾಗ ಅವನ ಹೆಸರಲ್ಲಿ ಆಳಲು ಸರದಾರರು ಕಿತ್ತಾಡಿದರು. ರಾಜ್ಯ ಕಾಯಲು ನಿಂತ ಚಾಂದಬೀಬಿಯನ್ನೂ ಒಮ್ಮೆ ಸೆರೆಗೆ ಹಾಕಿದ್ದರು. ಇಬ್ರಾಹಿಂ ದೊಡ್ಡವನಾದ ಮೇಲೆ ಆಸ್ಥಾನವೇ ಬೇರೆ ಥರ. ಸಂಗೀತದ ಹುಚ್ಚು ಎಷ್ಟೆಂದರೆ ದಖನಿಯಲ್ಲಿ ಕಿತಾಬ್-ಎ-ನೌರಸ್ ಬರೆದ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ. ಜನ ಅವನನ್ನು ಜಗದ್ಗುರು ಅಂದರು. ಅವನ ಆಸ್ಥಾನದಲ್ಲಿ ಇರಾನಿನ ಕವಿ ಜುಹೂರಿ, ಇತಿಹಾಸ ಬರೆದ ಫಿರಿಸ್ತಾ, ಹಾಲೆಂಡಿನಿಂದ ಬಂದ ಒಬ್ಬ ಚಿತ್ರಗಾರ ಕೂಡ. ಲೆಕ್ಕ ಬರೆಯೋರು ಮಾತ್ರ ನಮ್ಮ ಕುಲಕರ್ಣಿ, ದೇಶಪಾಂಡೆಗಳೇ.

ಇಬ್ರಾಹಿಂನ ಮಗ ಮಹಮ್ಮದ್ 1636ರಲ್ಲಿ ಶಾಹಜಹಾನನಿಗೆ ತಲೆಬಾಗಿ 20 ಲಕ್ಷ ರೂಪಾಯಿ ಕೊಡಲು ಒಪ್ಪಿದ. ಉತ್ತರದ ಗಡಿ ತಣ್ಣಗಾದದ್ದೇ ಸೈನ್ಯ ದಕ್ಷಿಣಕ್ಕೆ ತಿರುಗಿತು. 1638ರಲ್ಲಿ ರಣದುಲ್ಲಾ ಖಾನ್ ಮತ್ತು ಶಹಾಜಿ ಭೋಸಲೆ ಕೆಂಪೇಗೌಡರ ವಂಶದವರಿಂದ ಬೆಂಗಳೂರು ಗೆದ್ದರು. ಬೆಂಗಳೂರು, ಕೋಲಾರ, ಹೊಸಕೋಟೆ ಎಲ್ಲ ಶಹಾಜಿಯ ಜಹಗೀರಾಯಿತು. ಹೊಸಕೋಟೆ ನನ್ನ ಪಿಜಿಯಿಂದ ಬೈಕ್‌ನಲ್ಲಿ ಮುಕ್ಕಾಲು ಗಂಟೆ, ಟ್ರಾಫಿಕ್ ಇದ್ದರೆ ದೇವರೇ ಗತಿ. ನಾನು ಬಾಡಿಗೆ ಕಟ್ಟುವ ಈ ಕಡೆಯ ಸೀಮೆಗೆ ನನ್ನೂರೇ ಒಂದು ಕಾಲಕ್ಕೆ ರಾಜಧಾನಿ!

ಗೋಲ್‌ಗುಂಬಜ್ ಎದ್ದದ್ದು ಇದೇ ಕಾಲದಲ್ಲಿ. ಒಳಗೆ ಸುಮಾರು 38 ಮೀಟರ್ ಅಗಲದ ಗುಮ್ಮಟ, ನಡುವೆ ಒಂದೂ ಕಂಬವಿಲ್ಲ. ನಕ್ಷೆಯಲ್ಲಿ ರಾಜ್ಯ ಇಷ್ಟು ದೊಡ್ಡದು ಹಿಂದೆಂದೂ ಇರಲಿಲ್ಲ. ಆದರೆ ಗೆದ್ದ ನೆಲವೆಲ್ಲ ಒಬ್ಬೊಬ್ಬ ಸರದಾರನ ಜಹಗೀರು. ಶಹಾಜಿಯ ಮಗ ಶಿವಾಜಿ ಮಹಾರಾಜರು ಪುಣೆಯ ಜಹಗೀರಿನಿಂದಲೇ ಎದ್ದು ಬಿಜಾಪುರದ ಕೋಟೆಗಳನ್ನು ಒಂದೊಂದಾಗಿ ಹಿಡಿದರು.

1672ರಲ್ಲಿ ಎರಡನೇ ಅಲಿ ಸತ್ತಾಗ ಮಗ ಸಿಕಂದರ್ ಇನ್ನೂ ಎಳೆಯ ಮಗು. ಹಬಶಿ ಮೂಲದ ಖವಾಸ್ ಖಾನ್ ಆಡಳಿತ ಹಿಡಿದ, ಆಫ್ಘನ್ ಮೂಲದ ಬಹಲೋಲ್ ಖಾನ್ ಅವನನ್ನು ಕೊಲ್ಲಿಸಿದ, ದಖನಿಗಳು ಆಫ್ಘನ್ನರ ಮೇಲೆ ತಿರುಗಿಬಿದ್ದರು. 1685ರಲ್ಲಿ ಮೊಘಲ್ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತು, ಮರುವರ್ಷ ಔರಂಗಜೇಬನೇ ಖುದ್ದಾಗಿ ಬಂದ. 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಶರಣಾದ, ಸೆರೆಯಲ್ಲೇ 1700ರಲ್ಲಿ ತೀರಿಕೊಂಡ. ಮರುವರ್ಷವೇ, 1687ರಲ್ಲಿ, ಮೊಘಲ್ ಸರದಾರ ಖಾಸಿಂ ಖಾನ್ ಬೆಂಗಳೂರು ಹಿಡಿದ. ಆಮೇಲೆ ಅದು 3 ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಪಾಲಾಯಿತು. ಇವತ್ತು ಬ್ರೂಕ್‌ಫೀಲ್ಡ್‌ನಲ್ಲಿ ಆ ದುಡ್ಡಿಗೆ ಫ್ಲ್ಯಾಟಿನ ಅಡ್ವಾನ್ಸ್ ಕೊಡಬಹುದೇನೋ.

"ಹಂಗಾರ ಜಗಳದಿಂದನ ಬಿತ್ತೇನಪಾ ರಾಜ್ಯ?" ಅಂತ ಕೇಳಿದೆ.

"ಬರೇ ಜಗಳದಿಂದ ಅಲ್ಲ. ಮೊಘಲರು ಭಾಳ ದೊಡ್ಡವ್ರು, ಅವರ ಮುಂದ ಯಾರೂ ನಿಲ್ಲತಿರಲಿಲ್ಲ. ಆದ್ರ ಕ್ವಾಟಿ ಒಳಗಿನವ್ರ ಒಬ್ಬರಿಗೊಬ್ಬರು ನಂಬದಂಗ ಆಗಿತ್ತು," ಅಂದು ಅಪ್ಪ ಎದ್ದು ಪ್ಯಾಂಟಿನ ಹುಲ್ಲು ಕೊಡವಿಕೊಂಡರು. ಆಮೇಲೆ, "ಆ ಹುಡುಗಗ ಫೋನ್ ಮಾಡೀ ಇಲ್ಲೋ?" ಅಂದರು.

ಮಾಡಿರಲಿಲ್ಲ. ವಾಪಸ್ ಬಂದ ಸೋಮವಾರ ಪೂರ್ತಿ ಚಾಟನ್ನು ನಾನು ಫಾರ್ವರ್ಡ್ ಮಾಡಿದ್ದ ಗ್ರೂಪ್‌ಗಳಿಗೆಲ್ಲ ಹಾಕಿದೆ. "ಹಳೇದೆಲ್ಲ ಈಗ್ಯಾಕೆ ಬಿಡೇ" ಅಂತ ಒಬ್ಬಳು. ಇಬ್ಬರು ಥಂಬ್ಸ್ ಅಪ್. ಉಳಿದವರು ಸುಮ್ಮನೆ. ಅವನಿಗೆ ಬೇರೆಯಾಗಿ ಬರೆದು, ಕ್ಷಮಿಸು ಅಂದೆ. ಎರಡು ದಿನ ಬಿಟ್ಟು ಕೆಳಗಿನ ಟೀ ಅಂಗಡಿ ಹತ್ತಿರ ಸಿಕ್ಕ. ಪರವಾಗಿಲ್ಲ ಅಂತ ಕನ್ನಡದಲ್ಲೇ ಹೇಳಿದ, ಕಲಿಯುತ್ತಿದ್ದಾನೆ. ಟೀ ಕುಡಿದು ಲೋಟ ಇಡುವಾಗ ಒಂದೇ ಪ್ರಶ್ನೆ ಕೇಳಿದ: ಅದನ್ನು ಮೊದಲು ಕತ್ತರಿಸಿದ್ದು ಯಾರು?

ನನಗೆ ಗೊತ್ತಿದೆ. ದಿನಾ ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಾಳೆ. ಇನ್ನೂ ಹೇಳಿಲ್ಲ.