ಸಂದರ್ಶನ ನುಂಗಿದ ಗೋಡೆ

ಪ್ರಶ್ನೆಗೆ ಉತ್ತರ ಗೊತ್ತಿತ್ತು, ಹೊಟ್ಟೆ ಉರಿಯುವುದೇ ಅದಕ್ಕೆ. ‘ಸರ್, ಇದು...’ ಎನ್ನುವಷ್ಟರಲ್ಲಿ ಲ್ಯಾಪ್‌ಟಾಪ್ ಪರದೆಯಲ್ಲಿ ಚಕ್ರ ತಿರುಗತೊಡಗಿತು. ಮತ್ತೆ ಸಂಪರ್ಕ ಸಿಗುವಾಗ ಆನ್‌ಲೈನ್ ಸಂದರ್ಶನವೇ ಮುಗಿದಿತ್ತು. ಡಿಗ್ರಿ ಮುಗಿಸಿ ಎಂಟು ತಿಂಗಳಿಗೆ ಬಂದ ಮೊದಲ ಕರೆ ಅದು.

ನಮ್ಮದು ಪುತ್ತೂರು ಕಡೆಯ ಹಂಚಿನ ಮನೆ. ಅದಕ್ಕೆ ತಾಗಿಸಿ ಅಪ್ಪ ತಾರಸಿ ಮನೆ ಕಟ್ಟಿಸಿದಾಗ, ಓದಲಿಕ್ಕೆಂದು ಮೇಲಿನ ಕೋಣೆ ನನಗೆ ಸಿಕ್ಕಿತು. ರೂಟರ್ ಉಳಿದದ್ದು ಹಳೇ ಮನೆಯ ಚಾವಡಿಯಲ್ಲೇ. ಇಂಟರ್‌ನೆಟ್‌ನವರಿಗೆ ಫೋನ್ ಮಾಡಿ ಜಗಳವಾಡಿದೆ. ಆಮೇಲೆ ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಸುತ್ತಿದೆ. ಚಾವಡಿಯಲ್ಲಿ ಮೈನಸ್ 52, ನನ್ನ ಕೋಣೆಯಲ್ಲಿ ಮೈನಸ್ 84. ಸಣ್ಣ ವ್ಯತ್ಯಾಸ ಅಂದುಕೊಳ್ಳಬೇಡಿ. ಈ ಡೆಸಿಬೆಲ್ ಲೆಕ್ಕದಲ್ಲಿ 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತನೇ ಒಂದು ಪಾಲು. 32 ಇಳಿದರೆ ಸುಮಾರು 1,600ರಲ್ಲಿ ಒಂದು ಪಾಲು!

ಅಷ್ಟನ್ನೂ ತಿಂದವರು ಯಾರು? ಮರದ ಬಾಗಿಲು, ತೆಳು ಹಲಗೆ ಪಾಪದವು, ಹೆಚ್ಚೇನೂ ತಡೆಯುವುದಿಲ್ಲ. ದಪ್ಪನೆಯ ಕೆಂಪುಕಲ್ಲಿನ ಗೋಡೆ ತನ್ನ ಪಾಲು ಹೀರುತ್ತದೆ. ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಇನ್ನೂ ಹೆಚ್ಚು, ಏಕೆಂದರೆ ನೀರಿಗೆ ಈ ಅಲೆಗಳೆಂದರೆ ಇಷ್ಟ. ನಿಜವಾದ ಕಳ್ಳ ತಾರಸಿಯ ಕಾಂಕ್ರೀಟು, ಅದರೊಳಗಿನ ಕಬ್ಬಿಣದ ಸರಳಿನ ಬಲೆ. 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಬಲೆಯ ಕಣ್ಣು ಅದಕ್ಕಿಂತ ಕಿರಿದಾದಷ್ಟೂ ಅಲೆ ನುಸುಳುವುದು ಕಷ್ಟ. ವೇಗ ಹೆಚ್ಚೆಂದು ನಾನು ಆರಿಸಿಕೊಂಡಿದ್ದ 5 ಗಿಗಾಹರ್ಟ್ಸ್ ಅಲೆ ಇದರ ಅರ್ಧದಷ್ಟೂ ಉದ್ದವಿಲ್ಲ. ಆದರೆ ಕಾಂಕ್ರೀಟು ಅದನ್ನು ಇನ್ನೂ ಜಾಸ್ತಿ ಹೀರುತ್ತದೆ. ಸಾಲದ್ದಕ್ಕೆ ರೂಟರ್ ಪಕ್ಕದಲ್ಲೇ ಅಮ್ಮನ ಸ್ಟೀಲ್ ಕಪಾಟು, ಅದರ ಮೈಗೆ ಆಳೆತ್ತರದ ಕನ್ನಡಿ. ಲೋಹವೂ ಕನ್ನಡಿಯ ಹಿಂದಿನ ಲೇಪವೂ ಅಲೆಯನ್ನು ಬಂದ ದಾರಿಗೇ ತಿರುಗಿಸುತ್ತವೆ.

ಕಪಾಟು ಸರಿಸೋಣವೆಂದರೆ ಅಮ್ಮ, ‘ಅದು ನನ್ನ ಮದುವೆಗೆ ಬಂದದ್ದು, ಅಲ್ಲೇ ಇರ್ಲಿ. ನೀನೇ ಚಾವಡಿಗೆ ಬಾ ಮಾರಾಯ’ ಎಂದರು.

ಮುಂದಿನ ಸಂದರ್ಶನಕ್ಕೆ ರೂಟರ್‌ನಿಂದ ನೇರ ಕೇಬಲ್ ಎಳೆದು ಚಾವಡಿಯಲ್ಲೇ ಕೂತೆ. ಒಮ್ಮೆಯೂ ಚಕ್ರ ತಿರುಗಲಿಲ್ಲ. ನಡುವೆ ಹುಂಜ ಕೂಗಿದಾಗ ಮೇಡಂ ನಕ್ಕು, ‘ಊರಿನಲ್ಲಿದ್ದೀರಾ?’ ಎಂದು ಕೇಳಿದರು. ಸೋಮವಾರ ಎರಡನೇ ಸುತ್ತಿದೆ.