ಮನೆ ಮುರಿಯುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಚಲನೆಯ ಲೆಕ್ಕಗಳನ್ನು ಎಲ್ಲರಿಗಿಂತ ಮೊದಲೇ ಬಿಡಿಸಿ ಕೈ ಎತ್ತುತ್ತಿದ್ದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಖಾಲಿ ಉತ್ತರಪತ್ರಿಕೆ ಕೊಟ್ಟ. ಚೆನ್ನಾಗಿ ಗದರಿಸಿದೆ. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಅವನ ಗೆಳೆಯನಿಂದ ವಿಷಯ ತಿಳಿಯಿತು. ಅಪ್ಪ, ಅಮ್ಮ ಬೇರೆಯಾಗಿದ್ದರು. ಯಾರ ಬಳಿ ಇರುತ್ತೀಯೆಂದು ಇಬ್ಬರೂ ಹುಡುಗನನ್ನೇ ಕೇಳುತ್ತಿದ್ದರು. ಅಂದು ಗದರಿಸಿದ್ದಕ್ಕೆ ನನಗೆ ಇಂದಿಗೂ ಸಂಕಟವಿದೆ.

ಹಿಂದೆ ಗಂಡ ಹೆಂಡಿರ ಜಗಳ ಬಿಡಿಸಲು ಅಜ್ಜ, ಅಜ್ಜಿ, ಸೋದರಮಾವ ಇರುತ್ತಿದ್ದರು. ಅವರು ಹೇಳಿದ್ದೆಲ್ಲ ನ್ಯಾಯವೇ ಆಗಿತ್ತೆಂದಲ್ಲ. ಎಷ್ಟೋ ಸಲ ಹೆಣ್ಣೇ ತಗ್ಗಬೇಕಾಗುತ್ತಿತ್ತು. ಆದರೂ ಮನಸ್ಸು ಬಿಚ್ಚಲು ಒಬ್ಬರಿದ್ದರು. ಈಗ ಆ ಜಾಗ ಖಾಲಿ. ಅದನ್ನು ಸರಕಾರ ತುಂಬಬೇಕೇ? ಮನೆಜಗಳಕ್ಕೆ ತೆರಿಗೆಯ ಹಣ ಖರ್ಚು ಮಾಡಬೇಕೇ?

ನಮ್ಮ ದೇಶ ಇದಕ್ಕೆ 'ಹೌದು' ಎಂದು ಎಂದೋ ಉತ್ತರಿಸಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನಿಸಬೇಕು. ಅದಕ್ಕೆ ನೆರವಾಗಲು ಆಪ್ತ ಸಮಾಲೋಚಕರಿರಬೇಕು. ಆದರೆ ಒಂದು ತೊಡಕಿದೆ. ಈ ನೆರವು ಸಿಗುವುದು ದಾವೆ ಹೂಡಿದ ಮೇಲೆ. ಅಷ್ಟರಲ್ಲಿ ಇಬ್ಬರ ಮನಸ್ಸೂ ಕಲ್ಲಾಗಿರುತ್ತದೆ.

ಆಸ್ಟ್ರೇಲಿಯದ ಪಾಠ

ಆಸ್ಟ್ರೇಲಿಯ ಇನ್ನೊಂದು ದಾರಿ ಹಿಡಿಯಿತು. 2006ರಿಂದ ಅಲ್ಲಿನ ಸರಕಾರ ನ್ಯಾಯಾಲಯದ ಹೊರಗೇ 65 ಕುಟುಂಬ ಸಂಬಂಧ ಕೇಂದ್ರಗಳಿಗೆ ಹಣ ಕೊಟ್ಟು ತೆರೆಸಿತು. ಬೇರೆಯಾಗುವ ದಂಪತಿಗಳು ಮಕ್ಕಳ ವಿಷಯದಲ್ಲಿ ಕೋರ್ಟಿಗೆ ಹೋಗುವ ಮುನ್ನ ಸಂಧಾನಕ್ಕೆ ಯತ್ನಿಸಬೇಕೆಂದು ಕಾನೂನು ಮಾಡಿತು. ಹೊಡೆತ ಬಡಿತ ಇರುವ ಮನೆಗಳಿಗೆ ಇದರಿಂದ ವಿನಾಯಿತಿ ಕೊಟ್ಟಿತು. ಹಿಂಸೆಗೆ ರಾಜಿ ಮದ್ದಲ್ಲ!

ಅದೇ ದೇಶ 2014ರಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಸಲಹೆ ಪಡೆಯಲೆಂದು 1 ಲಕ್ಷ ಜೋಡಿಗಳಿಗೆ ತಲಾ 200 ಡಾಲರಿನ ಕೂಪನ್ ಕೊಡುವುದಾಗಿ ಸಾರಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. 2015ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಪ್ರಯೋಗ ಸೋತರೂ ಪಾಠ ಸಿಗುತ್ತದೆಂದು ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತು. ಸರಕಾರ ಹಣವಿಟ್ಟರೆ ಸಾಲದು. ಸಂಕೋಚ ಬಿಟ್ಟು ಬಾಗಿಲು ತಟ್ಟುವ ಜನರೂ ಬೇಕು.

ನಮ್ಮಲ್ಲೇ ಇರುವ ಬಾಗಿಲುಗಳು

ನಮ್ಮಲ್ಲಿ ತಟ್ಟಲು ಬಾಗಿಲುಗಳಿಲ್ಲವೇ? ಇವೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ದಾವೆ ಹೂಡುವ ಮೊದಲೇ ರಾಜಿ ಮಾಡಿಕೊಳ್ಳುವ ಅವಕಾಶವೂ ಉಂಟು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416; ಮನಸ್ಸಿನ ಬೇಗುದಿಯನ್ನು ಅಲ್ಲಿ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಮಹಿಳೆಯರಿಗೆ 181, ಮಕ್ಕಳಿಗೆ 1098 ಇವೆ. ಇವೆಲ್ಲ ನಮ್ಮದೇ ತೆರಿಗೆಯಿಂದ ನಡೆಯುವಂಥವು. ಯಾರ ಭಿಕ್ಷೆಯೂ ಅಲ್ಲ.

ಆದರೂ ನಾವು ಹಿಂಜರಿಯುತ್ತೇವೆ. ಮಗುವಿಗೆ ಜ್ವರ ಬಂದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡುವವರು, ಮನೆಯಲ್ಲಿ ತಿಂಗಳುಗಟ್ಟಲೆ ಮಾತು ನಿಂತರೂ 'ನಾಲ್ಕು ಜನ ಏನೆಂದಾರು' ಎಂದು ಸುಮ್ಮನಿರುತ್ತೇವೆ. ಆ ನಾಲ್ಕು ಜನ ನಮ್ಮ ಮಕ್ಕಳ ಉತ್ತರಪತ್ರಿಕೆ ತುಂಬಿಸಿಕೊಡುವುದಿಲ್ಲ.

ತಂದೆ ತಾಯಂದಿರಲ್ಲಿ ಒಂದು ವಿನಂತಿ: ನಿಮ್ಮ ಜಗಳದಲ್ಲಿ ಮಕ್ಕಳನ್ನು ಸಾಕ್ಷಿಯಾಗಿಯೂ ನಿಲ್ಲಿಸಬೇಡಿ, ಅಂಚೆಯವರನ್ನಾಗಿಯೂ ಮಾಡಬೇಡಿ. ವಿದ್ಯಾರ್ಥಿಗಳೇ, ಹಿರಿಯರ ಜಗಳ ನಿಮ್ಮ ತಪ್ಪಲ್ಲ. ನಂಬಿಕೆಯ ಮೇಷ್ಟ್ರಿಗೋ ಅಜ್ಜಿಗೋ ಹೇಳಿಕೊಳ್ಳಿ.

ಈಗ ಯಾರಾದರೂ ಖಾಲಿ ಹಾಳೆ ಕೊಟ್ಟರೆ ನಾನು ಗದರಿಸುವುದಿಲ್ಲ. ಪಕ್ಕಕ್ಕೆ ಕರೆದು, "ಬೆಳಿಗ್ಗೆ ತಿಂಡಿ ತಿಂದ್ಯೇನಪ್ಪಾ?" ಎಂದು ಮೊದಲು ಕೇಳುತ್ತೇನೆ.